ಸಿಂಗಾರ ಬಿಚ್ಚಿಡಿ, ಎತ್ತು ಉಳಲಿ

ಕಾರ ಹುಣ್ಣಿಮೆಗೆ ಎತ್ತಿಗೆ ಜೂಲ, ಗೊಂಡೆ, ಗೆಜ್ಜೆ ಕಟ್ಟುತ್ತೇವೆ. ಹೊಲಕ್ಕೆ ಹೊಡೆದುಕೊಂಡು ಹೋಗುವಾಗ ಎಲ್ಲ ಬಿಚ್ಚಿಡುತ್ತೇವೆ. ಇಷ್ಟು ತಿಳಿವಳಿಕೆ ನಮ್ಮ ಹುನ್ನೂರಿನ ಯಾವ ರೈತನಿಗಿಲ್ಲ? ಆದರೆ ಅದೇ ರೈತನ ಮೊಬೈಲ್ ಬ್ರೌಸರ್‌ಗೆ ಮಾತ್ರ ವರ್ಷವಿಡೀ ಸಿಂಗಾರ! ಸುದ್ದಿ, ಕ್ರಿಕೆಟ್ ಸ್ಕೋರ್, ಆಟ, ವಿಡಿಯೋ ಡೌನ್‌ಲೋಡರ್. ಉತಾರ ತೆಗೆಯಲು ಕೂತರೆ ಪುಟವೇ ತೆರೆಯುವುದಿಲ್ಲ.

ನಾವು ಹೇಳುವುದು ಇಷ್ಟೇ: ಬ್ರೌಸರ್‌ನ ಕೆಲಸ ಪುಟ ತೆರೆಯುವುದು, ನಡುವೆ ಕೈಕೊಡದಿರುವುದು. ಉಳಿದದ್ದೆಲ್ಲ ಆಮೇಲೆ.

"ಫೀಚರ್ ಹೆಚ್ಚಿದ್ದರೆ ನಷ್ಟವೇನ್ರೀ?" ಎನ್ನುವವರಿದ್ದಾರೆ. ನಷ್ಟವಿದೆ. ಕಡಿಮೆ ಬೆಲೆಯ ಫೋನಿನಲ್ಲಿ ರ‍್ಯಾಮ್ ಕಡಿಮೆ. ಅದು ತುಂಬಿದರೆ ಆಂಡ್ರಾಯ್ಡ್ ಹಿಂದೆ ತೆರೆದಿಟ್ಟ ಪುಟವನ್ನು ಕೈಬಿಡುತ್ತದೆ. ಒಟಿಪಿ ನೋಡಲು ಮೆಸೇಜಿಗೆ ಹೋಗಿ ಬರುವಷ್ಟರಲ್ಲಿ ತುಂಬಿದ ಬೆಳೆ ವಿಮೆ ಅರ್ಜಿ ಖಾಲಿ! ಕೊನೆಯ ದಿನ ಹೀಗಾದರೆ ಕಳೆದುಹೋಗುವುದು ಬರೀ ಅರ್ಜಿಯಲ್ಲ, ಆ ಹಂಗಾಮಿನ ಧೈರ್ಯ.

ಇನ್ನು ಕಂಪ್ಯೂಟರ್‌ನ ಆಡ್-ಆನ್‌ಗಳು. ಎಷ್ಟೋ ಆಡ್-ಆನ್‌ಗಳು ಹಾಕಿಕೊಳ್ಳುವಾಗ ನೀವು ನೋಡುವ ಎಲ್ಲ ಪುಟಗಳನ್ನು ಓದುವ, ಬದಲಿಸುವ ಅನುಮತಿ ಕೇಳುತ್ತವೆ. ನಾವು ಓದದೇ ಒತ್ತುತ್ತೇವೆ. ಮೆಮೊರಿ ಉಳಿಸುತ್ತದೆಂದು ಲಕ್ಷಾಂತರ ಜನ ಹಾಕಿಕೊಂಡಿದ್ದ 'ದಿ ಗ್ರೇಟ್ ಸಸ್ಪೆಂಡರ್' 2020ರಲ್ಲಿ ಬೇರೆಯವರ ಕೈಗೆ ಮಾರಾಟವಾಯಿತು. 2021ರ ಫೆಬ್ರುವರಿಯಲ್ಲಿ ಅದರಲ್ಲಿ ಮಾಲ್‌ವೇರ್ ಇದೆಯೆಂದು ಗೂಗಲ್ ಅದನ್ನು ಕಿತ್ತುಹಾಕಿತು. ಕಾವಲಿಗಿಟ್ಟ ಆಳು ನಿಮಗೆ ಗೊತ್ತಾಗದಂತೆ ಬದಲಾದರೆ ಕಣಜದ ಗತಿ ಏನು?

ಒಳ್ಳೆಯ ಆಡ್-ಆನ್ ಕೂಡ ಕೈಕೊಡಬಹುದು. 2019ರ ಮೇ ತಿಂಗಳಲ್ಲಿ ಒಂದು ಸರ್ಟಿಫಿಕೇಟ್ ಅವಧಿ ಮುಗಿದದ್ದಕ್ಕೇ ಫೈರ್‌ಫಾಕ್ಸ್‌ನ ಆಡ್-ಆನ್‌ಗಳು ಲೋಕದ ತುಂಬ ನಿಂತುಹೋದವು. ನಮ್ಮಲ್ಲಿ ಡೇಟಾ ಉಳಿತಾಯದ ಆಸೆಗೆ ಮನೆಮನೆಗೆ ಬಂದಿದ್ದ ಯುಸಿ ಬ್ರೌಸರ್ 2020ರ ಜೂನ್ 29ರಂದು ನಿಷೇಧವಾದ 59 ಆ್ಯಪ್‌ಗಳಲ್ಲಿ ಒಂದಾಯಿತು. ಅದನ್ನೇ ನೆಚ್ಚಿದವರು ಹೊಸದನ್ನು ಹುಡುಕಬೇಕಾಯಿತು.

ಎಲ್ಲವೂ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಜಾಹೀರಾತು ತಡೆಯುವ ನಂಬಿಕಸ್ತ ಆಡ್-ಆನ್ ಒಂದಿರಲಿ; ಅದು ಪುಟದ ಭಾರವನ್ನೇ ಇಳಿಸುತ್ತದೆ. ಕನ್ನಡ ಟೈಪಿಂಗ್‌ಗೆ ಫೋನಿನ ಕೀಬೋರ್ಡ್ ಸಾಕು. ಮೊದಲ ಪುಟದ ಸುದ್ದಿರಾಶಿ ಮಾತ್ರ ನಿಮ್ಮ ಉಪಕಾರಕ್ಕಲ್ಲ, ಕಂಪನಿಯ ಜಾಹೀರಾತಿನ ಗಳಿಕೆಗೆ.

ಸರ್ಕಾರಿ ವೆಬ್‌ಸೈಟ್ ಕಟ್ಟುವವರಿಗೂ ಒಂದು ಮಾತು: ಅರ್ಧ ತುಂಬಿದ ಅರ್ಜಿಯನ್ನು ಉಳಿಸಿಡುವ ವ್ಯವಸ್ಥೆ ಮೊದಲು ಮಾಡಿ, ಓಡುವ ಅಕ್ಷರ, ಹೊಳೆಯುವ ಚಿತ್ರ ಆಮೇಲೆ.

ಓದುಗರೇ, ಇವತ್ತೇ ನಿಮ್ಮ ಬ್ರೌಸರ್‌ನ ಸೆಟ್ಟಿಂಗ್ಸ್ ತೆರೆಯಿರಿ. ಬೇಡದ ನೋಟಿಫಿಕೇಶನ್ ಬಂದ್ ಮಾಡಿ, ಬಳಸದ ಆಡ್-ಆನ್ ತೆಗೆಯಿರಿ, ಬ್ರೌಸರ್ ಅಪ್‌ಡೇಟ್ ಮಾಡಿ. ಗೆಜ್ಜೆ ಸದ್ದಿಗೆ ಹೊಲ ಉತ್ತಾಗುವುದಿಲ್ಲ.