ಬೋನು ಬೇಡ, ರೊಪ್ಪಕ್ಕೆ ಬಾಗಿಲು ಕೊಡಿ

2024ರ ನವೆಂಬರಿನಲ್ಲಿ ಶಿವಗಂಗೆ ಸೀಮೆಯ ಗೊಲ್ಲರಹಟ್ಟಿಯೊಂದರ ಹೆಣ್ಣುಮಗಳು ದನಕ್ಕೆ ಹುಲ್ಲು ತರಲು ಹೋಗಿ ಚಿರತೆಗೆ ಬಲಿಯಾದಳು. ಆ ವಾರವೆಲ್ಲ ದಾಬಸ್‌ಪೇಟೆಯ ಹೋಟೆಲುಗಳಲ್ಲಿ ಎರಡು ಪಕ್ಷ. ಗುಂಡು ಹೊಡೆದು ಕೆಡವಿರಿ ಎಂಬುದು ಒಂದು. ಕಾಡು ಅದರದ್ದು, ನುಗ್ಗಿದವರು ನಾವು, ಪ್ರಾಣಿಯ ತಪ್ಪೇನು ಎಂಬುದು ಇನ್ನೊಂದು. ಎರಡನೆಯ ಮಾತನ್ನು ಆಡತಕ್ಕವರಲ್ಲಿ ಬಹುಮಂದಿ ಹೊತ್ತು ಮುಳುಗುವುದರೊಳಗೆ ಬೆಂಗಳೂರು ಸೇರಿಕೊಳ್ಳುವವರು. ಮೊದಲನೆಯದನ್ನು ಗಟ್ಟಿಯಾಗಿ ಆಡಿದವರು ಪೇಟೆಯ ತಾರಸಿ ಮನೆಯವರು. ಹಟ್ಟಿಯವರು ಎರಡನ್ನೂ ಕೇಳಿಸಿಕೊಂಡು, ಟೀ ಕುಡಿದು, ಕತ್ತಲಾಗುವ ಮುಂಚೆ ಕುರಿ ಕೂಡಬೇಕೆಂದು ಎದ್ದು ಹೋದರು. ನಿಮಗೇನು ಬೇಕು ಎಂದು ಅವರನ್ನು ಕೇಳಿದವರಿಲ್ಲ.

ಚಿರತೆ ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದ ನೆಂಟನೇನೂ ಅಲ್ಲ. ಶಿವಗಂಗೆ, ನಿಜಗಲ್ಲು, ದೇವರಾಯನದುರ್ಗ, ಸಾವನದುರ್ಗ, ಈ ಕಲ್ಲುಬೆಟ್ಟಗಳ ಪೊಟರೆಗಳೆಲ್ಲ ಅದರ ಮನೆ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ದೇವರಾಯನದುರ್ಗದ ಹುಲಿಯ ಕಥೆಯೂ ಇದೆ, ಜಾಲಹಳ್ಳಿಯ ಚಿರತೆಯ ಕಥೆಯೂ ಇದೆ. ಪೂರ್ಣಚಂದ್ರ ತೇಜಸ್ವಿಯವರು ಆತನ ಕಥೆಗಳನ್ನು ಕನ್ನಡಕ್ಕೆ ತಂದ ಮೇಲೆ ನಮ್ಮ ಶಾಲೆಯ ಹುಡುಗರೂ ಕಣ್ಣರಳಿಸಿ ಓದಿದರು. ಆದರೆ ಬೇಟೆಯ ಕಥೆಗಳದ್ದು ಒಂದೇ ಚಾಳಿ: ಪ್ರಾಣಿ ಸತ್ತಲ್ಲಿಗೆ ಕಥೆ ಮುಗಿಯುತ್ತದೆ. ಆ ಊರಿನವನ ರೊಪ್ಪ ಆಮೇಲೆ ಏನಾಯಿತು, ಅವನ ಹೆಂಡತಿ ಮಾರನೆಯ ದಿನ ಸೌದೆಗೆ ಯಾವ ಧೈರ್ಯದಿಂದ ಹೋದಳು ಎಂಬುದು ಕಥೆಯೊಳಗೆ ಬರುವುದಿಲ್ಲ. ಅಂದಿನ ಜಾಲಹಳ್ಳಿ ಇಂದು ನಗರದೊಳಗೆ ಕರಗಿದೆ. ಹುಲಿ ಈ ಕಡೆ ಅಪರೂಪವಾಯಿತು. ಚಿರತೆ ಮಾತ್ರ ಉಳಿಯಿತು, ಯಾಕೆಂದರೆ ಅದು ಬಡವನಂತೆ, ಸಿಕ್ಕಿದ್ದನ್ನು ತಿಂದು ಸಂದು ಸಿಕ್ಕಲ್ಲಿ ಮಲಗುತ್ತದೆ. ಮೊಲ, ಮುಳ್ಳುಹಂದಿ, ಮುಸುವ, ನವಿಲು, ನಾಯಿ, ಆಡು, ಯಾವುದಾದರೂ ಸರಿ. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಪ್ರಕಟಿಸಿದ 2022ರ ಅಂದಾಜಿನ ಪ್ರಕಾರ ದೇಶದಲ್ಲಿ 13,874 ಚಿರತೆಗಳು, ಕರ್ನಾಟಕದಲ್ಲಿ 1,879. ಆ ಎಣಿಕೆ ನಡೆದದ್ದು ಮುಖ್ಯವಾಗಿ ಹುಲಿ ಇರುವ ರಾಜ್ಯಗಳ ಕಾಡುಗಳಲ್ಲಿ. ನಮ್ಮ ಬಂಡೆಗುಡ್ಡದ, ರಾಗಿ ಹೊಲದ ಅಂಚಿನ ಚಿರತೆಗಳು ಆ ಲೆಕ್ಕಕ್ಕೆ ಪೂರ್ತಿಯಾಗಿ ಸಿಕ್ಕುವವಲ್ಲ.

ಇನ್ನು ಸತ್ತವರ ಕಡೆ ನೋಡೋಣ. 2019ರ ಕೊನೆಯಿಂದ 2020ರ ಬೇಸಗೆಯವರೆಗೆ ತುಮಕೂರಿನ ಸುತ್ತ ಮತ್ತು ಮಾಗಡಿಯ ಕಡೆ ಚಿರತೆಗೆ ಸಿಕ್ಕವರು ವಯಸ್ಸಾದವರು ಮತ್ತು ಪುಟ್ಟ ಮಕ್ಕಳು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಸತ್ತರು. ಒಬ್ಬಳು ಮನೆಯ ಹಿತ್ತಿಲಲ್ಲಿ, ಒಬ್ಬಾಕೆ ಸೌದೆ ತರುವಾಗ, ಒಬ್ಬ ಹುಡುಗ ಸಂಜೆ ಅಂಗಡಿಗೆ ಹೋದಾಗ. ಈ ಪಟ್ಟಿಯಲ್ಲಿ ಗ್ರಾನೈಟ್ ಗಣಿಯ ಮಾಲೀಕನಿಲ್ಲ, ಬೆಟ್ಟ ನೋಡಲೆಂದು ಫಾರಂ ಹೌಸ್ ಕಟ್ಟಿಸಿದ ಮಹಾಶಯನಿಲ್ಲ, ಬೋನು ಇಡಿಸಿ ಫೋಟೋ ತೆಗೆಸಿಕೊಳ್ಳುವ ಮುಖಂಡನಿಲ್ಲ. ಚಿರತೆಗೆ ವರ್ಗಭೇದ ತಿಳಿಯದು, ನಿಜ. ಆದರೆ ಕತ್ತಲಲ್ಲಿ ಬಯಲಿಗೆ ಹೋಗಬೇಕಾದವರು ಯಾರು, ಗುಡ್ಡದ ಪೊದೆಗೆ ಕುಡುಗೋಲು ಹಿಡಿದು ಬಗ್ಗಬೇಕಾದವರು ಯಾರು ಎಂಬುದನ್ನು ನಿರ್ಧರಿಸಿದ್ದು ಚಿರತೆಯಲ್ಲವಲ್ಲ.

ಹುಲ್ಲಿಗೆ ಹೆಂಗಸರು ಅಷ್ಟು ದೂರ, ಬಂಡೆಯ ಸಂದಿಗೆ ಯಾಕೆ ಹೋಗಬೇಕು? ಊರ ಪಕ್ಕದ ಗೋಮಾಳ ಎಲ್ಲಿಗೆ ಹೋಯಿತು? 1966ರ ಭೂಕಂದಾಯ ನಿಯಮಗಳ ಪ್ರಕಾರ ನೂರು ದನಕ್ಕೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ ಹುಲ್ಲುಗಾವಲು ಬಿಡತಕ್ಕದ್ದು. ಪುಸ್ತಕದಲ್ಲಿ ಇದೆ. ಸೋಂಪುರ ಹೋಬಳಿಯಲ್ಲಿ ನಿಂತು ಕಣ್ಣು ಹಾಯಿಸಿ ಆ 30 ಎಕರೆಯನ್ನು ತೋರಿಸತಕ್ಕ ಪುಣ್ಯಾತ್ಮರು ಇದ್ದರೆ ದಯವಿಟ್ಟು ಬರಲಿ. ಒಂದಷ್ಟು ನೆಲ ಕೈಗಾರಿಕಾ ಪ್ರದೇಶಕ್ಕೆ, ಒಂದಷ್ಟು ಹೆದ್ದಾರಿಗೆ, ಒಂದಷ್ಟು ಕಲ್ಲುಗಣಿಗೆ, ಉಳಿದದ್ದು ಕಾಗದ ಬಲ್ಲವರ ಹೆಸರಿಗೆ. ಅದಕ್ಕೂ ಮುಂಚೆ, ಎಂಬತ್ತರ ದಶಕದಲ್ಲಿ, ವಿಶ್ವಬ್ಯಾಂಕಿನ ಸಾಲದ ಸಾಮಾಜಿಕ ಅರಣ್ಯ ಬಂತು. ನೀಲಗಿರಿ ನೆಟ್ಟರು. ಅದರ ಕೆಳಗೆ ಹುಲ್ಲು ಸರಿಯಾಗಿ ಬೆಳೆಯದು, ಅದರ ಸೊಪ್ಪನ್ನು ಆಡು ಮುಟ್ಟದು. 1983ರಲ್ಲಿ ಪಕ್ಕದ ತುಮಕೂರು ಜಿಲ್ಲೆಯ ರೈತರು ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದಾಗ ಅವರನ್ನು ಅರಣ್ಯದ್ರೋಹಿಗಳು ಎಂದವರಿದ್ದರು. ಮೂವತ್ತನಾಲ್ಕು ವರ್ಷವಾದ ಮೇಲೆ, 2017ರಲ್ಲಿ, ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದೆಂದು ಆಜ್ಞೆ ಹೊರಡಿಸಿತು. ಅಷ್ಟರಲ್ಲಿ ದನದ ಮೇವು ಬೆಟ್ಟದ ತಪ್ಪಲಿಗೆ ಸರಿದಿತ್ತು, ಮೇವಿನ ಹಿಂದೆ ಹೆಂಗಸರೂ ಸರಿದಿದ್ದರು. ಗಣಿಯ ಸಿಡಿಮದ್ದಿನ ಸದ್ದಿಗೆ ಚಿರತೆ ಆ ಕಡೆಯಿಂದ ಈ ಕಡೆಗೆ ಇಳಿಯುತ್ತದೆ, ಹುಲ್ಲಿಗಾಗಿ ನಮ್ಮ ಅಕ್ಕತಂಗಿಯರು ಈ ಕಡೆಯಿಂದ ಆ ಕಡೆಗೆ ಹತ್ತುತ್ತಾರೆ. ಇಬ್ಬರೂ ಎದುರಾಗುವ ಜಾಗವನ್ನು ಗೊತ್ತುಮಾಡಿದವರು ಬೇರೆ.

ಹೆದ್ದಾರಿಯ ಬದಿಯ ಕಸವನ್ನೂ ಇಲ್ಲಿ ಹೇಳಬೇಕು. ಕೋಳಿ ಅಂಗಡಿಯ, ಹೋಟೆಲಿನ ತ್ಯಾಜ್ಯವನ್ನು ರಾತ್ರಿ ಹೊತ್ತು ಮೂಟೆ ಕಟ್ಟಿ ಕೆರೆಯ ಏರಿಗೆ ಸುರಿದು ಹೋಗುತ್ತಾರೆ. ಅದಕ್ಕೆ ನಾಯಿಯ ಹಿಂಡು, ನಾಯಿಯ ಹಿಂಡಿಗೆ ಚಿರತೆ. ಇದು ಒಂದನೆಯ ತರಗತಿಯ ಕೂಡುವ ಲೆಕ್ಕ. ಪಂಚಾಯಿತಿಗೆ ಮಾತ್ರ ಇನ್ನೂ ಬಂದಿಲ್ಲ.

ಇಷ್ಟೆಲ್ಲ ಆದಮೇಲೆ ಸರ್ಕಾರ ಕೊಡುವುದು ಏನು? ಬೋನು. ಸಾವು ಆದ ಮೇಲೆ ಜೀಪು ಬರುತ್ತದೆ, ಕಬ್ಬಿಣದ ಬೋನು ಬರುತ್ತದೆ, ಡ್ರೋನ್ ಕೂಡ ಹಾರುತ್ತದೆ. ಬೋನಿನ ಹಿಂಭಾಗದಲ್ಲಿ ಸರಳುಗಳ ಆಚೆ ಒಂದು ಆಡನ್ನೋ ನಾಯಿಯನ್ನೋ ಕಟ್ಟುತ್ತಾರೆ. ಚಿರತೆ ಒಳಗೆ ಬಂದರೂ ಅದನ್ನು ಮುಟ್ಟಲಾರದು. ಒಬ್ಬ ಗೊಲ್ಲ ಮುದುಕ ಇದನ್ನು ನೋಡುತ್ತ ನಿಂತವನು ನನಗೆ ಹೇಳಿದ: "ಮೇಷ್ಟ್ರೇ, ಈವತ್ತು ರಾತ್ರಿ ಹಟ್ಟೀಲಿ ನೆಮ್ಮದಿಯಾಗಿ ಮಲಗೋ ಆಡು ಅದೊಂದೇ." ಆತನ ರೊಪ್ಪಕ್ಕೆ ಸುತ್ತ ಜಾಲಿ ಮುಳ್ಳು, ಬಾಯಿಗೆ ಒಂದು ಹರಿದ ತಡಿಕೆ. ಸರ್ಕಾರದ ಆಡಿಗೆ ಕಬ್ಬಿಣದ ಮನೆ, ಗೊಲ್ಲನ ಆಡಿಗೆ ಮುಳ್ಳಿನ ಬೇಲಿ. ಸಮಾಜವಾದದ ಅರ್ಥವನ್ನು ನಾನು ಭಾಷಣದಲ್ಲಿ ಇಷ್ಟು ಚೆನ್ನಾಗಿ ಹೇಳಿದ್ದಿಲ್ಲ.

ಹಿಡಿದ ಚಿರತೆಯನ್ನು ಮಾಡುವುದಾದರೂ ಏನು? ಇನ್ನೊಂದು ಕಾಡಿಗೆ ಬಿಡುತ್ತಾರೆ, ಎಂದರೆ ಇನ್ನೊಬ್ಬ ಬಡವನ ಹಟ್ಟಿಯ ಹಿಂದಕ್ಕೆ. ಇದರ ಫಲವನ್ನು ಮಹಾರಾಷ್ಟ್ರದ ಜುನ್ನರ್ ಸೀಮೆ ಕಂಡಿದೆ. ಅಲ್ಲಿ 2001ರಿಂದ 2003ರವರೆಗೆ ಚಿರತೆಗಳನ್ನು ರಾಶಿರಾಶಿ ಹಿಡಿದು ಬೇರೆಡೆ ಬಿಟ್ಟರು. ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು ಲೆಕ್ಕ ಹಾಕಿ 2011ರಲ್ಲಿ ಪ್ರಕಟಿಸಿದರು: ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತ್ತು. ಗೊತ್ತಿಲ್ಲದ ಸೀಮೆಗೆ ಎಸೆದ ಪ್ರಾಣಿ ದಿಕ್ಕುಗೆಟ್ಟು ತಿರುಗುತ್ತದೆ. ತೆರವಾದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಅದೇ ಮಹಾರಾಷ್ಟ್ರದ ಅಕೋಲೆಯಲ್ಲಿ, ಕಬ್ಬಿನ ಗದ್ದೆಯ ನಡುವೆ, ಜನ ಕಿಕ್ಕಿರಿದ ಕಡೆಯೇ ಚಿರತೆಗಳು ನಾಯಿ ಹಂದಿ ತಿಂದುಕೊಂಡು ಬದುಕಿರುವುದನ್ನೂ ಅವರೇ ತೋರಿಸಿದ್ದಾರೆ. ಆದಕಾರಣ ಹಿಡಿದು ಸಾಗಿಸುವುದನ್ನು ಉಪಾಯವೆಂದು ಕರೆಯುವುದಕ್ಕಿಂತ ಸಾಗಾಣಿಕೆ ಎಂದು ಕರೆಯುವುದೇ ಸರಿ. ಮನುಷ್ಯರ ಮೇಲೆಯೇ ಬಿದ್ದ ಚಿರತೆಯನ್ನು ಹಿಡಿಯಲೇಬೇಕು, ಅದರ ಮಾತು ಬೇರೆ. ಅಂಥದ್ದನ್ನು ಮತ್ತೆ ಎಲ್ಲೂ ಬಿಡಕೂಡದು.

ಗುಂಡು ಹೊಡೆಯಿರಿ ಎನ್ನುವ ಮಿತ್ರರಿಗೂ ಒಂದು ಮಾತು. 1972ರ ವನ್ಯಜೀವಿ ಕಾಯ್ದೆ ಇದೆ. ಮನುಷ್ಯನ ಪ್ರಾಣಕ್ಕೆ ಅಪಾಯವಾದ ಪ್ರಾಣಿಯನ್ನು ಹಿಡಿಯಲಾಗದಿದ್ದರೆ ಮಾತ್ರ ಕೊಲ್ಲಲು ಅಪ್ಪಣೆ. ಕಾಯ್ದೆ ಹಾಗಿರಲಿ, ಬಂದೂಕು ಯಾರ ಕೈಯಲ್ಲಿದೆ? ಹಟ್ಟಿಯಲ್ಲಿಲ್ಲ. ಬಂದೂಕಿನ ರಾಜ್ಯ ಬಂದರೆ ಮೊದಲು ಬೀಳುವುದು ಚಿರತೆ, ಆಮೇಲೆ ಗುಡ್ಡ ಪೂರ್ತಿ ಗಣಿಯವನ ಕೈಗೆ. ಚಿರತೆ ಇದೆ ಎಂಬ ಒಂದೇ ಕಾರಣಕ್ಕೆ ಈ ಸೀಮೆಯಲ್ಲಿ ಉಳಿದುಕೊಂಡ ಬಂಡೆಗಳಿವೆ ಎಂದು ನನ್ನ ಅಭಿಪ್ರಾಯ.

ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಪ್ಯೂಮಾ ಎಂಬ ಪ್ರಾಣಿ ಇದೆ, ಬೆಟ್ಟದ ಸಿಂಹ ಎನ್ನುತ್ತಾರೆ. ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಅದರ ಬೇಟೆಯನ್ನು ನಿಲ್ಲಿಸಬೇಕೇ ಬೇಡವೇ ಎಂಬುದನ್ನು 1990ರಲ್ಲಿ ಜನರ ಮತಕ್ಕೆ ಹಾಕಿದರು, ಜನ ನಿಲ್ಲಿಸಿ ಎಂದರು. ಬಂಡವಾಳಶಾಹಿಯ ಮನೆಯಲ್ಲೂ ಇಷ್ಟು ಪ್ರಜಾಪ್ರಭುತ್ವ ಉಂಟು. ಆಡು ಸಾಕುವವರಿಗೆ ಅಲ್ಲಿ ಹೇಳುವ ಮೊದಲ ಬುದ್ಧಿಯೇ ರಾತ್ರಿ ನಾಲ್ಕು ಕಡೆ, ಮೇಲೆಯೂ ಮುಚ್ಚಿದ ದೊಡ್ಡಿ ಎಂದು. ನಮ್ಮಲ್ಲಿ ಆ ಬುದ್ಧಿ ಗೊಲ್ಲನಿಗೆ ತಲೆತಲಾಂತರದಿಂದ ಇದೆ. ಇಲ್ಲದಿರುವುದು ಕಬ್ಬಿಣದ ಜಾಲರಿಯ ದುಡ್ಡು. ಉದ್ಯೋಗ ಖಾತರಿಯ ಹಣದಲ್ಲಿ ಕೊಟ್ಟಿಗೆಗಳನ್ನು ಕಟ್ಟಿಸಿದ್ದುಂಟು. ನಾನು ಕಂಡವು ಅರ್ಧ ಗೋಡೆ, ಮೇಲೆ ತಗಡು. ಮಳೆಗೆ ಸಾಕು, ಚಿರತೆಗೆ ಮೆಟ್ಟಿಲು. ಆ ಅರ್ಧ ಗೋಡೆಯಿಂದ ತಗಡಿನವರೆಗೆ ಜಾಲರಿ ಬಿಗಿದು, ಅಗಳಿ ಹಾಕುವ ಒಂದು ಬಾಗಿಲು ಇಟ್ಟರೆ ಮುಗಿಯಿತು. ಒಂದು ಬೋನನ್ನು ಲಾರಿಯಲ್ಲಿ ತಂದು, ಹತ್ತು ಜನ ಕಾದು, ಚಿರತೆಯನ್ನು ನೂರಾರು ಮೈಲಿ ಸಾಗಿಸುವ ಖರ್ಚಿನಲ್ಲಿ ಎಷ್ಟು ರೊಪ್ಪಗಳಿಗೆ ಬಾಗಿಲಾಗುತ್ತದೆ ಎಂಬುದನ್ನು ಅರಣ್ಯ ಇಲಾಖೆಯವರೇ ಲೆಕ್ಕ ಮಾಡಿ ಹೇಳಲಿ.

ಪಂಪ್‌ಸೆಟ್ಟಿನ ಕರೆಂಟಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಮೂರು ಫೇಸ್ ವಿದ್ಯುತ್ತನ್ನು ಪಾಳಿಯ ಮೇಲೆ ಕೊಡುವುದು, ಪಾಳಿ ನಡುರಾತ್ರಿಗೆ ಬೀಳುವುದು, ಟಾರ್ಚು ಹಿಡಿದು ರೈತ ಹೊಲಕ್ಕೆ ಹೋಗುವುದು. ಬೆಟ್ಟದ ಬುಡದ ಹಳ್ಳಿಗಳಿಗೆ ಹಗಲು ಪಾಳಿಯನ್ನೇ ಕೊಡಬೇಕು. ಕಾರ್ಖಾನೆಗೆ ಹಗಲೂ ರಾತ್ರಿ ಕೊಡಲು ಬರುವ ಇಲಾಖೆಗೆ ಇದು ಬಾರದ ವಿದ್ಯೆಯಲ್ಲ.

ಪರಿಹಾರದ ಮಾತು. ಮನುಷ್ಯ ಸತ್ತರೆ ಕೊಡುವ ಮೊತ್ತವನ್ನು 2022ರ ಕೊನೆಯಲ್ಲಿ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿಸುವುದಾಗಿ ಸರ್ಕಾರ ಹೇಳಿತು, ಒಳ್ಳೆಯದೇ. ಆದರೆ ಆಡು ಸತ್ತರೆ? ಫೋಟೋ ಬೇಕು, ಮಹಜರು ಬೇಕು, ಪಶುವೈದ್ಯರ ಸರ್ಟಿಫಿಕೇಟು ಬೇಕು, ಅರ್ಜಿ ಕಂಪ್ಯೂಟರಿನಲ್ಲಿ ಹೋಗಬೇಕು. ಚಿರತೆ ಆಡನ್ನು ಗುಡ್ಡಕ್ಕೆ ಎಳೆದುಕೊಂಡು ಹೋಗಿದ್ದರೆ ಯಾವುದರ ಫೋಟೋ? ಎರಡು ದಿನದ ಕೂಲಿ ಬಿಟ್ಟು ಅಲೆದವನು ಮೂರನೆಯ ದಿನ ಸುಮ್ಮನಾಗುತ್ತಾನೆ. ಮುಂದಿನ ಸಲ ಸತ್ತ ಆಡಿನ ಮೇಲೆ ವಿಷ ಸವರುವವನೂ ಅವನೇ. ಅವನನ್ನು ಜೈಲಿಗೆ ಹಾಕುವುದು ಸುಲಭ. 1951ರಲ್ಲಿ ಕಾಗೋಡಿನ ರೈತರು ಹೋರಾಡಿದ್ದು ಗೇಣಿ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ. ಅಳತೆ ಧಣಿಯ ಕೈಯಲ್ಲಿತ್ತು. ಇಲ್ಲಿ ಆಡಿನ ಬೆಲೆಯ ಅಳತೆ ಇಲಾಖೆಯ ಕೈಯಲ್ಲಿದೆ. ಸಂತೆಯಲ್ಲಿ ಆಡಿಗೆ ಏನು ಬೆಲೆಯೋ ಅಷ್ಟನ್ನು, ಹದಿನೈದು ದಿನದೊಳಗೆ, ಪಂಚಾಯಿತಿಯಲ್ಲಿಯೇ ಕೊಡತಕ್ಕದ್ದು.

ಸರ್ಕಾರವನ್ನು ಬೈದು ನಮ್ಮ ಮನೆಯ ಕಸವನ್ನು ಮುಚ್ಚಿಡುವುದು ನ್ಯಾಯವಲ್ಲ. ತುಮಕೂರು ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣನ್ನು, ಹಸಿ ಬಾಣಂತಿಯನ್ನು ಹಟ್ಟಿಯ ಹೊರಗೆ ಗುಡಿಸಲಲ್ಲಿ ಇಡುವ ಪದ್ಧತಿ ಇದೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಮಳೆಗೆ ಚಳಿಗೆ ಹಸುಗೂಸು ತೀರಿಹೋಯಿತು. ಕುರಿಮರಿಯನ್ನು ಚಿರತೆಯ ಭಯಕ್ಕೆ ಒಳಗೆ ಕೂಡಿ, ಹೆತ್ತ ಮಗಳನ್ನೂ ಕೂಸನ್ನೂ ಹೊರಗೆ ಮಲಗಿಸುವುದು ಯಾವ ದೇವರಿಗೆ ಪ್ರೀತಿ? ಈ ಮಾತಿಗೆ ಹಟ್ಟಿಯ ಹಿರಿಯರು ನನ್ನ ಮೇಲೆ ಸಿಟ್ಟಾಗುತ್ತಾರೆ, ಆಗಲಿ. ಹೆಂಗಸರು ಸಿಟ್ಟಾಗಿಲ್ಲ.

ಮುಂದಿನ ಗ್ರಾಮಸಭೆಗಳಲ್ಲಿ ಇಡಲು ಒಂದು ನಿರ್ಣಯದ ಕರಡನ್ನು ಬರೆದಿದ್ದೇವೆ: ರೊಪ್ಪಗಳಿಗೆ ಜಾಲರಿ ಮತ್ತು ಬಾಗಿಲು, ಹಟ್ಟಿಯ ಬೀದಿಗೆ ದೀಪ, ಹಗಲು ಕರೆಂಟು, ಕೋಳಿ ತ್ಯಾಜ್ಯಕ್ಕೆ ದಂಡ, ಗೋಮಾಳದ ಸರ್ವೆ. ಸರ್ವೆ ನಂಬರುಗಳನ್ನು ತುಂಬುವ ಜಾಗ ಖಾಲಿ ಬಿಟ್ಟಿದೆ. ಅದನ್ನು ಆಯಾ ಊರಿನ ಹಿರಿಯರೇ ಹೇಳಬೇಕು, ಯಾವ ಹದ್ದಿನಿಂದ ಯಾವ ಹದ್ದಿನ ತನಕ ದನ ಮೇಯುತ್ತಿದ್ದವು ಎಂಬುದು ಅವರಿಗೆ ಬಾಯಿಪಾಠ. ಕರಡಿನ ಪ್ರತಿ ನಮ್ಮ ಕಚೇರಿಯಲ್ಲಿ ಸಿಕ್ಕುತ್ತದೆ. ಹಟ್ಟಿಯವರು ದಾಬಸ್‌ಪೇಟೆಗೆ ಬರಲಾಗದಿದ್ದರೆ ಹೇಳಿ ಕಳಿಸಲಿ, ನಾವೇ ಬರುತ್ತೇವೆ. ಹಗಲು ಹೊತ್ತಿನಲ್ಲಿ.