ಕಂತಿನ ಚಿಂತೆಗೆ ಕರಗುತ್ತಿರುವ ಗಡಿ ಹೆಣ್ಣುಮಕ್ಕಳ ಆರೋಗ್ಯ

ಆದೋನಿ: ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ಸಂಘದ ಕಂತು ಕಟ್ಟಿ ಮನೆ ನಡೆಸುವ ಗಡಿ ಭಾಗದ ಹೆಣ್ಣುಮಕ್ಕಳು ಡಾಕ್ಟರ ಮುಂದೆ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. ತಲಿ ಸಿಡೀತೈತಿ, ಎದಿ ಡವಡವ ಅಂತೈತಿ, ರಾತ್ರಿ ನಿದ್ದಿ ಬರವಲ್ದು, ಕೈಕಾಲಾಗ ಶಕ್ತಿ ಇಲ್ಲ. ಇಷ್ಟು ಹೇಳಿ, ಒಂದು ಸೂಜಿ ಹಾಕಿಸಿಕೊಂಡು, ನಾಲ್ಕು ಗುಳಿಗೆ ತಗೊಂಡು ಮನೆಗೆ ಬರ್ತಾರೆ. ಸಾಲದ ಮಾತು ಮಾತ್ರ ಅಲ್ಲಿ ಬರುವುದಿಲ್ಲ. ಬಂದವರು ಹೇಳುವುದಿಲ್ಲ, ಕೂತವರು ಕೇಳುವುದಿಲ್ಲ.

ಸಾಲದ ಒತ್ತಡ ಎಂದರೆ ಬರೀ ಹಣದ ವಿಷಯ ಎಂದು ತಿಳಿಯುವುದು ವಾಡಿಕೆ. ಆದರೆ ಅದು ಹೆಣ್ಣುಮಕ್ಕಳ ರಕ್ತದೊತ್ತಡ, ನಿದ್ದೆ, ಊಟ, ಮನಸ್ಸು ಎಲ್ಲದರ ಮೇಲೂ ಕೂತಿದೆ. ಬ್ಯಾಂಕಿನವರು ಮರುಪಾವತಿಯ ಲೆಕ್ಕ ಇಡುತ್ತಾರೆ, ಆಸ್ಪತ್ರೆಯವರು ಗುಳಿಗೆಯ ಲೆಕ್ಕ ಇಡುತ್ತಾರೆ. ಇವೆರಡನ್ನೂ ಜೋಡಿಸಿ ನೋಡುವವರು ಯಾರೂ ಇಲ್ಲ ಎಂಬುದೇ ಈ ಸಮಸ್ಯೆಯ ಮೂಲ.

ಮಾತು ಅದೇ, ಕೂಲಿ ಬೇರೆ

ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಂಧ್ರ ರಾಜ್ಯ ಆದಾಗ ಆ ಕಡೆ ಹೋದವು. ಹೊಳಗುಂದ, ಹಾಲಹರ್ವಿ, ಡಿ.ಹೀರೇಹಾಳ್ ಮಂಡಲಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ಕೊಡುವುದು ತರುವುದು, ಮದುವೆ ಮುಂಜಿ ಎಲ್ಲ ಬಳ್ಳಾರಿ, ಸಿರುಗುಪ್ಪ ಕಡೆಗೇ.

ಆದರೆ ಕೈಗೆ ಬರುವ ದುಡ್ಡು ಮಾತ್ರ ಗಡಿ ನೋಡಿ ಬರುತ್ತದೆ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ, ಆಂಧ್ರದಲ್ಲಿ 307 ರೂಪಾಯಿ. 63 ರೂಪಾಯಿ ವ್ಯತ್ಯಾಸ! ಕರ್ನಾಟಕದಲ್ಲಿ 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಅಕ್ಕನಿಗೆ ಬಂದರೆ, ಗಡಿ ದಾಟಿ ಮದುವೆಯಾದ ತಂಗಿಗೆ ಇಲ್ಲ.

ಮಳೆ ನಂಬಿದ ಹೊಲ, ಆ ಮಳೆಯೂ ಖಾತ್ರಿ ಇಲ್ಲ. ಹಾಗಾಗಿ ಆದೋನಿ, ಕೌತಾಳಂ, ಕೋಸಿಗಿ ಕಡೆಯ ಕುಟುಂಬಗಳು ವರ್ಷಾ ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತವೆ. ಜನ ಇದನ್ನು 'ಸುಗ್ಗಿಗೆ ಹೋಗೂದು' ಅಂತಾರೆ. ಸುಗ್ಗಿ ಎಂಬ ಸಂಭ್ರಮದ ಪದ ಇಲ್ಲಿ ಊರು ಬಿಡುವುದಕ್ಕೆ ಹೆಸರಾಗಿದೆ.

ಸಾಲ ಮನೆಯದು, ಹೆಸರು ಹೆಣ್ಣಿನದು

ಆಂಧ್ರದಲ್ಲಿ ಮಹಿಳಾ ಸಂಘಗಳ ಬೇರು ಆಳವಾಗಿದೆ. ಹಳೆಯ ಯೋಜನೆಯ ಹೆಸರಿನಿಂದ ಜನ ಇಂದಿಗೂ 'ಡ್ವಾಕ್ರಾ ಸಂಘ' ಎಂದೇ ಕರೆಯುತ್ತಾರೆ. ಈ ಸಂಘಗಳಿಂದ ಆದ ಉಪಕಾರ ಸಣ್ಣದಲ್ಲ. ಸಹಿ ಹಾಕಲು ಬಾರದ ಹೆಣ್ಣುಮಕ್ಕಳು ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಇದರಿಂದಲೇ.

ಇದರ ಜೊತೆಗೇ ಇನ್ನೊಂದು ಬೆಳೆಯಿತು. ಮನೆಗೆ ಏನೇ ಸಾಲ ಬೇಕಾದರೂ ಅದು ಹೆಣ್ಣಿನ ಹೆಸರಲ್ಲೇ ಆಗಬೇಕು. ಬೋರ್‌ವೆಲ್ ಕೊರೆಸಿದ್ದು ಗಂಡ, ಆಟೋ ತಗೊಂಡಿದ್ದು ಮಗ, ಮದುವೆ ಮಾಡಿದ್ದು ಮನೆಯವರೆಲ್ಲ. ಕಂತಿನ ದಿನ ಎದ್ದು ನಿಂತು ಉತ್ತರ ಹೇಳಬೇಕಾದವಳು ಮಾತ್ರ ಅವಳೊಬ್ಬಳೇ.

ಗುಂಪು ಸಾಲದಲ್ಲಿ ಇದು ಇನ್ನೂ ಬಿಗಿ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಅಂದರೆ ವಸೂಲಿಗೆ ಬರುವವರು ಹೊರಗಿನವರಷ್ಟೇ ಅಲ್ಲ, ಓಣಿಯ ಗೆಳತಿಯರೂ ಆಗ್ತಾರೆ. ಸಾಲಕ್ಕಿಂತ ಈ ನಾಚಿಕೆಯೇ ಹೆಚ್ಚು ಕೊರೆಯುತ್ತದೆ.

ಸಾಲದು ಎಂದರೆ ಕೈಸಾಲ ಇದ್ದೇ ಇದೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಅಂದರೆ ಕೇಳಲು ಕಡಿಮೆ ಅನಿಸುತ್ತದೆ. ವರ್ಷಕ್ಕೆ ಅದು ಶೇಕಡಾ 36. ಇಪ್ಪತ್ತು ಸಾವಿರ ತಂದರೆ ತಿಂಗಳಿಗೆ 600 ರೂಪಾಯಿ ಬಡ್ಡಿ. ಖಾತ್ರಿ ಕೂಲಿಯ ಲೆಕ್ಕದಲ್ಲಿ ಸುಮಾರು ಎರಡು ದಿನದ ದುಡಿಮೆ ಬರೀ ಬಡ್ಡಿಗೆ ಹೋಯ್ತು. ಅಸಲು ಇದ್ದಲ್ಲೇ ಇದೆ. ಗುಂಪು ಸಾಲದ ಕಂತು ಕಟ್ಟಲು ಕೈಸಾಲ, ಕೈಸಾಲ ತೀರಿಸಲು ಇನ್ನೊಂದು ಗುಂಪು ಸಾಲ. ಆರೋಗ್ಯ ಕೆಡುವುದು ಈ ಸುತ್ತಿನಲ್ಲಿ ಸಿಕ್ಕಿಕೊಂಡ ಮೇಲೆ.

ಆಂಧ್ರ ಕಂಡ ಪಾಠ

ಈ ಸಂಕಟ ಆಂಧ್ರಕ್ಕೆ ಹೊಸದಲ್ಲ. 2006ರಲ್ಲಿ ಕೃಷ್ಣಾ ಜಿಲ್ಲೆಯಲ್ಲಿ ಜಿಲ್ಲಾಡಳಿತವೇ ಮೈಕ್ರೋಫೈನಾನ್ಸ್ ಶಾಖೆಗಳಿಗೆ ಬೀಗ ಹಾಕಿಸಿತ್ತು. 2010ರಲ್ಲಿ ವಸೂಲಿ ಕಿರುಕುಳಕ್ಕೆ ಬೇಸತ್ತ ಮಹಿಳೆಯರ ಆತ್ಮಹತ್ಯೆಯ ವರದಿಗಳು ಬಂದ ಮೇಲೆ, ಅದೇ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಿಗೆ ಬಂದು ವಸೂಲಿ ಮಾಡುವುದಕ್ಕೆ ತಡೆ ಬಿತ್ತು. ವಾರದ ಕಂತು ಹೋಗಿ ತಿಂಗಳ ಕಂತು ಬಂತು.

ಕಾನೂನು ಬಂದ ಮೇಲೆ ಕಂಪನಿಗಳ ಸಾಲ ಹೆಚ್ಚುಕಡಿಮೆ ನಿಂತೇ ಹೋಯಿತು. ಸಾಲದ ಅಗತ್ಯ ನಿಲ್ಲಲಿಲ್ಲ. ಬಡ್ಡಿ ವ್ಯಾಪಾರಿ ಇದ್ದಲ್ಲೇ ಇದ್ದ. 2023ರ ಫೆಬ್ರವರಿಯಲ್ಲಿ ತೆಲಂಗಾಣ ಹೈಕೋರ್ಟ್, ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಹಣಕಾಸು ಕಂಪನಿಗಳಿಗೆ ಈ ರಾಜ್ಯ ಕಾನೂನು ಅನ್ವಯಿಸದು ಎಂದಿತು. ಅಲ್ಲಿಂದ ಎರಡೂ ತೆಲುಗು ರಾಜ್ಯಗಳ ಬಾಗಿಲು ಮತ್ತೆ ತೆರೆಯಿತು.

ಗಡಿಯ ಈ ಕಡೆ ಕರ್ನಾಟಕ ಸರ್ಕಾರ 2025ರ ಫೆಬ್ರವರಿ 12ರಂದು ಕಿರುಸಾಲ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದೇ ವರ್ಷ ತಮಿಳುನಾಡೂ ಇಂಥದೇ ಕಾನೂನು ಮಾಡಿತು. ಕಿರುಕುಳ ತಡೆಯಲು ಇವು ಬೇಕೇ ಬೇಕು. ಆದರೆ ಕಾನೂನು ಬಾಗಿಲಲ್ಲಿ ನಿಂತವನನ್ನು ತಡೆಯಬಹುದೇ ಹೊರತು, ಆಗಲೇ ಏರಿದ ಬಿಪಿಯನ್ನು ಇಳಿಸಲಾರದು. ಆ ಕೆಲಸ ಬೇರೆಯೇ ಇದೆ.

ಮೈಯೊಳಗೆ ಏನಾಗುತ್ತದೆ?

ಹೆದರಿಕೆಯಾದಾಗ ದೇಹ ಓಡಲು ತಯಾರಾಗುತ್ತದೆ. ಎದೆಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ಸ್ನಾಯು ಬಿಗಿಯಾಗುತ್ತವೆ. ಹೆದರಿಕೆ ಹೋದರೆ ಎಲ್ಲ ಸರಿ. ಆದರೆ ಸಾಲದ ಹೆದರಿಕೆ ಹೋಗುವುದಿಲ್ಲ, ಪ್ರತಿ ತಿಂಗಳೂ ತಾರೀಖು ಹಿಡಿದು ಬರುತ್ತದೆ. ಇಂಥ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿದರೆ ನಿದ್ದೆ ಕೆಡುತ್ತದೆ. ಬಿಪಿ, ಶುಗರ್ ಇದ್ದವರಿಗೆ ಅದು ಹತೋಟಿ ತಪ್ಪುತ್ತದೆ. ಹೊಟ್ಟೆ ಉರಿ, ಕುತ್ತಿಗೆ ನೋವು, ಬೇಸರ, ಅಳು, ಸಿಟ್ಟು ಎಲ್ಲ ಒಂದರ ಹಿಂದೆ ಒಂದು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಒಂದೂವರೆ ಪಟ್ಟು ಹೆಚ್ಚು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ಮಾನಸಿಕ ತೊಂದರೆ ಇದ್ದವರಲ್ಲಿ ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ.

ಎಲ್ಲವನ್ನೂ 'ಟೆನ್ಷನ್' ಎಂದು ತಳ್ಳಿಹಾಕುವುದೂ ತಪ್ಪೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಂಧ್ರದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 58.8 ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಶೇ. 47.8. ಕಂತಿಗೆ ದುಡ್ಡು ಸಾಲದಾದಾಗ ಮೊದಲು ಕಡಿಮೆಯಾಗುವುದು ಬೇಳೆ, ಹಾಲು, ತರಕಾರಿ. ಅದರಲ್ಲೂ ಮನೆಯೊಡತಿಯ ತಟ್ಟೆಯದು. ರಕ್ತ ಕಡಿಮೆಯಾದರೂ ಎದೆ ಡವಡವ ಅನ್ನುತ್ತದೆ, ಸುಸ್ತಾಗುತ್ತದೆ. ಯಾವುದು ಯಾವುದರಿಂದ ಎಂದು ತಿಳಿಯಲು ಪರೀಕ್ಷೆಯೇ ಬೇಕು.

ಇಲ್ಲಿ ನಡೆಯುವುದೇ ಬೇರೆ. ಕೂಲಿ ತಪ್ಪಿಸಿ ಸರ್ಕಾರಿ ಆಸ್ಪತ್ರೆಗೆ ಹೋಗಲಾಗದೆ ಊರಿನ ಆರ್‌ಎಂಪಿ ಹತ್ತಿರ ಸೂಜಿ, ಸಲೈನ್. ಮೆಡಿಕಲ್ ಶಾಪಿನಿಂದ ದಿನಾ ನೋವಿನ ಗುಳಿಗೆ. ಸಲೈನ್ ಬಾಟಲಿಯಲ್ಲಿ ಇರುವುದು ಉಪ್ಪು ನೀರು, ಹೆಚ್ಚೆಂದರೆ ಒಂದಿಷ್ಟು ಸಕ್ಕರೆ. ಅದು ಚಿಂತೆಯನ್ನೂ ಇಳಿಸುವುದಿಲ್ಲ, ರಕ್ತವನ್ನೂ ಹೆಚ್ಚಿಸುವುದಿಲ್ಲ. ನೋವಿನ ಗುಳಿಗೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿಗೆ ಪೆಟ್ಟು. ಕಡೆಗೆ ಆಸ್ಪತ್ರೆಯ ಖರ್ಚಿಗೂ ಮತ್ತೆ ಸಾಲ!

ಸೌಲಭ್ಯ ಇದೆ, ತಲುಪಬೇಕು

ಮೂವತ್ತು ದಾಟಿದ ಎಲ್ಲರಿಗೂ ಬಿಪಿ, ಶುಗರ್ ತಪಾಸಣೆ ಮಾಡುವುದು ಸರ್ಕಾರದ ಕಾರ್ಯಕ್ರಮವೇ ಆಗಿದೆ. ಇದಕ್ಕಾಗಿ ಆಶಾ ಕಾರ್ಯಕರ್ತೆ ತುಂಬುವ ಫಾರಂನಲ್ಲಿ ಮನಸ್ಸಿನ ಬಗ್ಗೆಯೂ ಎರಡು ಪ್ರಶ್ನೆ ಇವೆ. ಕೆಲಸದಲ್ಲಿ ಆಸಕ್ತಿ ಹೋಗಿದೆಯೇ? ಮನಸ್ಸು ಕುಗ್ಗಿದೆಯೇ? ಪ್ರಶ್ನೆ ಚಿಕ್ಕವು, ಕೇಳುವ ರೀತಿ ದೊಡ್ಡದು. ತೆಲುಗಿನಲ್ಲಿ ವ್ಯವಹಾರ ಮಾಡಲು ಬರುವ ಹೆಂಗಸಿಗೂ ಸಂಕಟ ಹೇಳಿಕೊಳ್ಳಲು ಬರುವುದು ಮನೆಮಾತಿನಲ್ಲೇ. ಕನ್ನಡ ಮಾತಿನ ಹಳ್ಳಿಗಳಲ್ಲಿ ಈ ಎರಡು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿಸಲು ದೊಡ್ಡ ಬಜೆಟ್ ಏನೂ ಬೇಕಿಲ್ಲ.

ಮನೆಯಲ್ಲೇ ಕೂತು ಮಾತಾಡಲು 2022ರ ಅಕ್ಟೋಬರ್ 10ರಂದು ಶುರುವಾದ 'ಟೆಲಿ ಮಾನಸ್' ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಬಹುದು, ಬೇಕಾದ ಭಾಷೆ ಆರಿಸಿಕೊಳ್ಳಬಹುದು. ದೇಶಕ್ಕೆ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1980ರ ದಶಕದಲ್ಲಿ ಪ್ರಯೋಗವಾಗಿದ್ದು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ ಎಂಬುದು ಗಡಿ ಜನ ನೆನಪಿಡಬೇಕಾದ ಸಂಗತಿ. ಸಾಮಾನ್ಯ ಡಾಕ್ಟರ್, ಆರೋಗ್ಯ ಕಾರ್ಯಕರ್ತೆ ತರಬೇತಿ ಪಡೆದರೆ ಹಳ್ಳಿಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದು ಎಂದು ತೋರಿಸಿದ್ದು ಅದು.

ಬಸ್ಸಿನ ಖರ್ಚಿನ ಮಾತು ಬಂದರೆ, ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಸ್ತ್ರೀಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ. ಆದೋನಿಯ ಸರ್ಕಾರಿ ಆಸ್ಪತ್ರೆಗೆ ಹೋಗಲು ಇದು ಆಸರೆ. ಅಂತರರಾಜ್ಯ ಬಸ್ಸಿಗೆ ಇದು ನಡೆಯುವುದಿಲ್ಲ, ಬಳ್ಳಾರಿಗೆ ಹೊರಟರೆ ಟಿಕೆಟ್ ತಗೊಳ್ಳಲೇಬೇಕು. ದೊಡ್ಡ ಚಿಕಿತ್ಸೆಗೆ ಸೇರುವ ಮೊದಲು ಎನ್‌ಟಿಆರ್ ವೈದ್ಯ ಸೇವೆಯ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕೇಳುವುದು ಒಳ್ಳೆಯದು.

ಮನೆಯಲ್ಲಿ ಮಾಡಬಹುದಾದ್ದು

ಮೊದಲನೆಯದು, ಎಲ್ಲ ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆಯುವುದು. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ತಾರೀಖು ಯಾವುದು. ತಲೆಯಲ್ಲಿ ಸುತ್ತುವ ಲೆಕ್ಕ ಹಾಳೆಗೆ ಬಂದರೆ ಮನೆಯವರೆಲ್ಲ ನೋಡುವಂತಾಗುತ್ತದೆ. ಗಂಡ, ಮಕ್ಕಳು ಈ ಹಾಳೆ ನೋಡಲೇಬೇಕು. ಎರಡನೆಯದು, ಕಂತು ಕಟ್ಟಲು ಹೊಸ ಸಾಲ ಮಾಡದಿರುವುದು. ಸಂಘದ ಕಡಿಮೆ ಬಡ್ಡಿಯ ಸಾಲ ಸಿಕ್ಕರೆ ಅದರಿಂದ ಮೊದಲು ತೀರಬೇಕಾದ್ದು ಹೆಚ್ಚು ಬಡ್ಡಿಯ ಕೈಸಾಲ.

ಮೂರನೆಯದು, ನಿಯಮ ತಿಳಿದಿರುವುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ, ಕಿರುಸಾಲ ಪಡೆದ ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಪೀಡಿಸುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರಿಷ್ಟರನ್ನು ಕಾಡುವುದು ಕೂಡದು. ಕಂಪನಿಗೆ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448. ಕಿರುಕುಳವಾದರೆ ಮಹಿಳಾ ಸಹಾಯವಾಣಿ 181.

ನಾಲ್ಕನೆಯದು, ಸುಗ್ಗಿಗೆ ಹೊರಡುವವರು ಬಿಪಿ, ಶುಗರ್ ಗುಳಿಗೆ ಮುಂಚೆಯೇ ಕೇಳಿ ಪಡೆದು, ಚೀಟಿಯನ್ನೂ ಗಂಟಿನಲ್ಲಿ ಕಟ್ಟಿಕೊಳ್ಳುವುದು. ಎರಡು ಮೂರು ತಿಂಗಳು ಔಷಧಿ ಬಿಟ್ಟು ಬಿಸಿಲಲ್ಲಿ ದುಡಿದರೆ ಪಾರ್ಶ್ವವಾಯುವಿನ ಅಪಾಯವಿದೆ.

'ಇದ್ದು ಏನ್ ಮಾಡೂದು' ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಅದನ್ನು ಸಿಟ್ಟಿನ ಮಾತು ಎಂದು ಬಿಡಬಾರದು. ಅವರನ್ನು ಒಂಟಿಯಾಗಿ ಬಿಡದೆ, ಹೊಲದ ಔಷಧಿಯನ್ನು ಕೈಗೆ ಸಿಗದಂತೆ ಇಟ್ಟು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು ಅಥವಾ 14416ಕ್ಕೆ ಫೋನ್ ಹಚ್ಚಿಕೊಡಬೇಕು. ಪೊಲೀಸ್ ಕೇಸ್ ಆಗ್ತದೆ ಎಂಬ ಹೆದರಿಕೆಯಿಂದ ಮುಚ್ಚಿಡುವುದು ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿ ಇದ್ದವರೆಂದು ಭಾವಿಸಿ ಶಿಕ್ಷೆಯಿಂದ ಕಾಪಾಡುತ್ತದೆ, ಆರೈಕೆ ಕೊಡುವ ಹೊಣೆ ಸರ್ಕಾರದ ಮೇಲೆ ಹಾಕುತ್ತದೆ.

ಸಂಘದ ಸಭೆಯಲ್ಲೇ ಬಿಪಿ ನೋಡಲಿ

ಇಷ್ಟೆಲ್ಲ ಇದ್ದರೂ ಹೆಣ್ಣುಮಕ್ಕಳನ್ನು ಆಸ್ಪತ್ರೆಗೆ ಬನ್ನಿ ಅಂದರೆ ಬರುವುದಿಲ್ಲ, ಕೂಲಿ ತಪ್ಪುತ್ತದೆ. ಆದರೆ ಸಂಘದ ಸಭೆ ತಪ್ಪಿಸುವುದಿಲ್ಲ. ಕಂತಿನ ಪುಸ್ತಕ ಬಿಚ್ಚುವ ಅದೇ ಸಭೆಗೆ ಏಎನ್‌ಎಂ ಬಿಪಿ ಯಂತ್ರ ತಂದರೆ, ವರ್ಷಕ್ಕೆ ಎರಡು ಸಲ ರಕ್ತ ಪರೀಕ್ಷೆ ಅಲ್ಲೇ ನಡೆದರೆ, ಸಾಲ ಮತ್ತು ಆರೋಗ್ಯ ಎರಡೂ ಒಂದೇ ಕಡೆ ಕಾಣುತ್ತವೆ. ಗ್ರಾಮೈಕ್ಯ ಸಂಘಗಳು ಇವೆ, ಆರೋಗ್ಯ ಸಿಬ್ಬಂದಿ ಇದ್ದಾರೆ, ಪಟ್ಟಣದಲ್ಲಿ ಮೆಪ್ಮಾ ಇದೆ. ಎರಡು ಇಲಾಖೆಯವರು ಕೂತು ಸಭೆಯ ತಾರೀಖು ಹೊಂದಿಸಿಕೊಳ್ಳುವುದಷ್ಟೇ ಬಾಕಿ.

ಕಂತು ತಪ್ಪಿದವಳ ಹೆಸರು ಸಭೆಯಲ್ಲಿ ಕೂಗುವ ಬದಲು, 'ಯಾಕವ್ವ, ಮೈಗೆ ಹುಷಾರಿಲ್ಲೇನು?' ಎಂದು ಕೇಳುವ ರೂಢಿ ಬಂದರೆ ಅರ್ಧ ಭಾರ ಇಳಿಯುತ್ತದೆ. ಉಳಿದರ್ಧ ಇಳಿಯಲು ಊರಲ್ಲೇ ಕೂಲಿ, ಕಡಿಮೆ ಬಡ್ಡಿಯ ಸಾಲ ಬೇಕು. ಅದು ಸರ್ಕಾರದ ಕೆಲಸ. ಕರ್ನೂಲು, ಅನಂತಪುರ ಜಿಲ್ಲೆಗಳ ಅಧಿಕಾರಿಗಳು, ಈ ಭಾಗದ ಜನಪ್ರತಿನಿಧಿಗಳು ಮುಂದಿನ ಸುಗ್ಗಿಗೆ ಲಾರಿಗಳು ಹೊರಡುವ ಮುಂಚೆ ಇತ್ತ ಗಮನ ಕೊಡಬೇಕಿದೆ.