ಹಿಂಬದಿಯ ವಿಂಚ್: ಮರಳುವ ದಾರಿಗೋ, ಇನ್ನಷ್ಟು ಒಳನುಗ್ಗುವ ಹಟಕ್ಕೋ?

ಮಳೆಗಾಲ ಸಮೀಪಿಸಿತೆಂದರೆ ಮಲೆನಾಡಿನ ಜೀಪು ಪ್ರಿಯರ ನಡುವೆ ಒಂದು ಚರ್ಚೆ ಏಳುತ್ತದೆ. ಜೀಪಿನ ಮುಂಬದಿಗೆ ಹೇಗೂ ವಿಂಚ್ ಇದೆ. ಹಿಂಬದಿಗೂ ಒಂದನ್ನು ಕೂರಿಸಬೇಕೇ, ಬೇಡವೇ? ಮೇಲುನೋಟಕ್ಕೆ ಇದು ಜೀಪಿನ ಮಾಲೀಕನಿಗೂ ಮೆಕ್ಯಾನಿಕ್ಕಿಗೂ, ಹೆಚ್ಚೆಂದರೆ ಮಾಲೀಕನ ಜೇಬಿಗೂ ಸಂಬಂಧಿಸಿದ ಸಂಗತಿ. ಪರಿಸರದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸವೆಂದು ಓದುಗ ಮಿತ್ರರು ಕೇಳಬಹುದು. ಕೆಲಸವಿದೆ. ಆ ಹಗ್ಗದ ಒಂದು ತುದಿ ಜೀಪಿನಲ್ಲಿದ್ದರೆ, ಇನ್ನೊಂದು ತುದಿ ಬಹುಪಾಲು ನಮ್ಮ ಕಾಡಿನ ಮರವೊಂದರ ಕೊರಳಿಗೆ ಬಿಗಿದಿರುತ್ತದೆ.

ವಿಂಚ್ ಎಂದರೆ ವಾಹನದ ಬ್ಯಾಟರಿಯಿಂದ ತಿರುಗುವ ಮೋಟಾರು, ಅದಕ್ಕೆ ಜೋಡಿಸಿದ ಒಂದು ಉರುಳೆ, ಉರುಳೆಗೆ ಸುತ್ತಿದ 25–30 ಮೀಟರು ಉದ್ದದ ಉಕ್ಕಿನ ಅಥವಾ ಕೃತಕ ನೂಲಿನ ಹಗ್ಗ. ಕೆಸರಿನಲ್ಲಿ ಹೂತ ಜೀಪು ಹಗ್ಗದ ತುದಿಯನ್ನು ಮರಕ್ಕೋ ಬಂಡೆಗೋ ಬಿಗಿದು, ತನ್ನನ್ನು ತಾನೇ ಎಳೆದುಕೊಂಡು ಹೊರಬರುತ್ತದೆ.

ಹಿಂಬದಿಯ ವಿಂಚ್ ಬೇಕೆನ್ನುವವರ ವಾದವನ್ನು ಮೊದಲು ನ್ಯಾಯವಾಗಿಯೇ ಮುಂದಿಡೋಣ. ಮುಂಬದಿಯ ವಿಂಚ್ ಜೀಪನ್ನು ನೇರವಾಗಿ ಎಳೆಯಬಲ್ಲುದು ಮುಂದಕ್ಕೆ ಮಾತ್ರ. ಹೂತ ವಾಹನಕ್ಕೆ ಗಟ್ಟಿ ನೆಲ ಸಾಮಾನ್ಯವಾಗಿ ಇರುವುದು ಹಿಂದೆ, ಅದು ಬಂದ ದಾರಿಯಲ್ಲಿ. ಮುಂದಿರುವುದು ಇನ್ನಷ್ಟು ಕೆಸರು, ಇನ್ನಷ್ಟು ಇಳಿಜಾರು. ಆದ್ದರಿಂದ ಹಿಂದಕ್ಕೆ ಎಳೆದುಕೊಳ್ಳುವ ಸೌಲಭ್ಯವಿದ್ದರೆ ವಾಹನ ತಾನು ಮಾಡಿದ ಗಾಲಿಜಾಡಿನಲ್ಲೇ ಮರಳಬಹುದು. ಹೊಸ ನೆಲವನ್ನು ಉಳುವ ಪ್ರಮೇಯ ಬರುವುದಿಲ್ಲ. ಹೀಗಾಗಿ ಹಿಂಬದಿಯ ವಿಂಚ್ ಪರಿಸರಸ್ನೇಹಿ ಎಂಬುದು ಅವರ ಅಂಬೋಣ.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೂತುಹೋದ ಮೇಲೆ ಏನು ಮಾಡಬೇಕೆಂಬ ಪ್ರಶ್ನೆಗೆ ಅದು ಸರಿಯಾದ ಉತ್ತರವೇ. ಆದರೆ ಜೀಪು ಅಲ್ಲಿಗೆ ಹೋದದ್ದೇಕೆ ಎಂಬ ಪ್ರಶ್ನೆ ಅದಕ್ಕಿಂತ ಮೊದಲಿನದು. ಒಂದೇ ವಿಂಚ್ ಇರುವ ಚಾಲಕ ಜೌಗಿನ ಅಂಚಿನಲ್ಲಿ ಕ್ಷಣಕಾಲ ನಿಲ್ಲುತ್ತಾನೆ. ಸಿಕ್ಕಿಕೊಂಡರೆ ಮರಳುವುದು ಹೇಗೆಂದು ಯೋಚಿಸುತ್ತಾನೆ. ಬೇಲಿಯಿಲ್ಲದ ನಮ್ಮ ಗುಡ್ಡಗಳನ್ನು ಇಷ್ಟು ಕಾಲ ಕಾಯ್ದಿರುವುದರಲ್ಲಿ ಈ ಅಳುಕಿನ ಪಾಲು ದೊಡ್ಡದು. ಎರಡನೆಯ ವಿಂಚ್ ಮೊದಲು ಕಿತ್ತುಹಾಕುವುದು ಈ ಅಳುಕನ್ನೇ. ಮರಳಲೆಂದು ಕೊಂಡ ಸಾಧನ ಮತ್ತೂ ಒಂದು ಫರ್ಲಾಂಗು ಒಳನುಗ್ಗಲು ಪರವಾನಗಿಯಾಗುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದರು ಹಿರಿಯರು. ಇಲ್ಲಿ ಕಾಲು ಚಾಚುವುದಕ್ಕೆಂದೇ ಹಾಸಿಗೆಯನ್ನು ಹಿಗ್ಗಿಸಲಾಗುತ್ತಿದೆ.

ಆ ಫರ್ಲಾಂಗಿನಲ್ಲಿ ಏನಿದೆ ಎಂಬುದನ್ನು ನೋಡೋಣ. ಬಾಬಾಬುಡನ್‌ಗಿರಿ, ಬಲ್ಲಾಳರಾಯನದುರ್ಗ, ಕುದುರೆಮುಖಗಳ ನೆತ್ತಿಯ ಹುಲ್ಲುಗಾವಲು ದೂರದಿಂದ ಬರಿಯ ಬಯಲಿನಂತೆ ಕಂಡೀತು. ಆದರೆ ಅದರ ಬೇರುಗಳ ಹೆಣಿಗೆಯೇ ಮಳೆನೀರನ್ನು ಹಿಡಿದಿಟ್ಟು, ಕಣಿವೆಯ ಶೋಲಾ ಕಾಡಿಗೂ ತೊರೆಗಳಿಗೂ ತಿಂಗಳುಗಟ್ಟಲೆ ಉಣಿಸುತ್ತದೆ. ತುಂಗೆ, ಭದ್ರೆಯರು ಹುಟ್ಟುವ ಗಂಗಾಮೂಲ ಇಂಥ ನೆಲದಲ್ಲಿದೆ. ಒದ್ದೆ ಮಣ್ಣಿನ ಮೇಲೆ ಗಾಲಿ ಹಾಯ್ದರೆ ಮಣ್ಣಿನೊಳಗಿನ ಗಾಳಿ–ನೀರಿನ ಸಂದುಗಳು ಅದುಮಿ ಮುಚ್ಚಿಹೋಗುತ್ತವೆ. ಇಂಗಬೇಕಾದ ನೀರು ಜಾಡಿನಗುಂಟ ಹರಿಯತೊಡಗುತ್ತದೆ. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರು ಮೀರಿದ ಮಳೆ ಬೀಳುತ್ತದೆ. ಅಂಥ ಮಳೆಗೆ ಎರಡು ಗಾಲಿಯ ಜಾಡು ಒಂದು ಕಾಲುವೆಯಾಗಲು, ಕಾಲುವೆಯೊಂದು ಕೊರಕಲಾಗಲು ಎಷ್ಟು ಕಾಲ ಬೇಕು? ಭದ್ರೆಯ ಹೂಳಿನ ಮಾತನ್ನೂ ಮುಂದಿಟ್ಟು ಹೋರಾಡಿ, 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಪಡೆದು, 2005ರ ಕೊನೆಗೆ ಕುದುರೆಮುಖದ ಗಣಿಯನ್ನು ನಿಲ್ಲಿಸಿದ ಸೀಮೆ ನಮ್ಮದು. ಗಣಿಗೂ ಜೀಪಿಗೂ ಹೋಲಿಕೆಯಿಲ್ಲ, ನಿಜ. ಆದರೆ ಹೂಳಿಗೆ ತಾನು ಯಾರ ಗಾಲಿಯಿಂದ ಬಂದೆನೆಂಬ ಭೇದವಿಲ್ಲ.

ತೊರೆಗಳ ಮಾತು ಇನ್ನೂ ಸೂಕ್ಷ್ಮವಾದದ್ದು. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರು ಹೊತ್ತ ಕಪ್ಪೆಯೊಂದಿದೆ, ಸಿ. ಆರ್. ನಾರಾಯಣರಾಯರು 1937ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಿದ್ದು. ಹರಿವ ನೀರಿನ ಸದ್ದಿನಲ್ಲಿ ಕೂಗಷ್ಟೇ ಸಾಲದೆಂದು ಗಂಡು ಹಿಂಗಾಲನ್ನು ಬಾವುಟದಂತೆ ಬೀಸಿ ಕುಣಿಯುತ್ತದೆ. ಈ ಕುಲದ ಹೆಣ್ಣು ಕಪ್ಪೆ ತೊರೆಯ ತಳವನ್ನು ಹಿಂಗಾಲಿನಿಂದ ತೋಡಿ ಮೊಟ್ಟೆಗಳನ್ನು ಅಲ್ಲೇ ಹೂಳುತ್ತದೆ. ಜೀಪಿನವರ ಕಣ್ಣಿಗೆ ಅದು ದಾಟಲು ಹದವಾದ ಜಲ್ಲಿಯ ತಳ. ಕಪ್ಪೆಗೆ ಬಾಣಂತಿ ಕೋಣೆ. ಮುಂದಕ್ಕೆ ದಾಟಿದರೂ ಹಿಂದಕ್ಕೆ ಎಳೆದರೂ ಗಾಲಿ ಹಾಯುವುದು ಆ ಮೊಟ್ಟೆಗಳ ಮೇಲೆಯೇ.

ಇನ್ನು ಮರ. ಮರದ ಜೀವವಿರುವುದು ತೊಗಟೆಯ ಒಳಗಿನ ತೆಳುಪದರದಲ್ಲಿ. ಉಕ್ಕಿನ ಹಗ್ಗವನ್ನು ನೇರವಾಗಿ ಸುತ್ತಿ ಟನ್ನುಗಟ್ಟಲೆ ಭಾರ ಎಳೆದರೆ ಆ ಪದರ ಜಜ್ಜಿಹೋಗುತ್ತದೆ. ಸುತ್ತಲೂ ಕತ್ತರಿಸಿದರೆ ಮರ ನಿಂತಲ್ಲೇ ಒಣಗುತ್ತದೆ. ಅಗಲವಾದ ಪಟ್ಟಿಯನ್ನು ಬಳಸುತ್ತೇವೆ ಎನ್ನುವವರಿದ್ದಾರೆ. ಒಳ್ಳೆಯದು, ತೊಗಟೆ ಉಳಿದೀತು. ಆದರೆ ನೆನೆದು ಸಡಿಲಾದ ಮಣ್ಣಿನಲ್ಲಿ, ಇಳಿಜಾರಿನಲ್ಲಿ ನಿಂತ ಶೋಲಾ ಮರದ ಬೇರನ್ನು ಯಾವ ಪಟ್ಟಿ ಕಾಯುತ್ತದೆ?

ಯಂತ್ರದ ದೃಷ್ಟಿಯಿಂದಲಾದರೂ ಇದು ಜಾಣತನವೇ? ದೊಡ್ಡ ಜೀಪುಗಳಿಗೆ ಹಾಕುವ ವಿಂಚ್ ಕಟ್ಟುಪಟ್ಟು ಸೇರಿದಂತೆ ಸುಮಾರು 40 ಕಿಲೋ ತೂಗುತ್ತದೆ. ಆ ಭಾರ ಹಿಂದಿನ ಅಚ್ಚಿನ ಆಚೆ ನೇತಾಡಬೇಕು. ಏರು ಇಳಿದು ಮಟ್ಟನೆಲಕ್ಕೆ ಬರುವಾಗ ಮೊದಲು ನೆಲಕ್ಕೆ ತಾಗುವುದೂ ಅದೇ. ಪೂರ್ಣ ಹೊರೆಯಲ್ಲಿ 400 ಆಂಪಿಯರಿನ ಆಸುಪಾಸಿನ ವಿದ್ಯುತ್ತು ಬಾನೆಟ್ಟಿನಡಿಯ ಬ್ಯಾಟರಿಯಿಂದ ಬಾಲದವರೆಗೆ ದಪ್ಪ ಕೇಬಲ್ಲಿನಲ್ಲಿ, ಕೆಸರು ನೀರಿನ ನಡುವೆ ಹರಿಯಬೇಕು. ಅಷ್ಟಾಗಿಯೂ ಅದರ ಪೂರ್ಣ ಬಲ ಸಿಗುವುದು ಉರುಳೆಯ ಮೇಲೆ ಕೊನೆಯ ಸುತ್ತಿನ ಪದರ ಮಾತ್ರ ಉಳಿದಾಗ. ಹಗ್ಗ ಸುತ್ತಿಕೊಂಡಂತೆಲ್ಲ ಬಲ ಕುಗ್ಗುತ್ತದೆ. ಕಾನೂನೂ ಇದೆ: 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ.

ಹಾಗಾದರೆ ನಮ್ಮ ಜೀಪುಗಳ ಗತಿಯೇನು ಎಂದು ಹಳ್ಳಿಯವರು ಕೇಳುವುದು ನ್ಯಾಯ. ಡಾಂಬರು ಕಾಣದ ಊರಿನಿಂದ ಬಸುರಿಯನ್ನು ಆಸ್ಪತ್ರೆಗೆ ಒಯ್ಯುವ, ರೇಷನ್ನು ತರುವ, ಮಕ್ಕಳನ್ನು ಶಾಲೆಗೆ ಮುಟ್ಟಿಸುವ ಜೀಪು ಮೋಜಿಗಾಗಿ ಕೆಸರಿಗಿಳಿದದ್ದಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡ ಮೇಲೆ ಇಂಥ ವಾಹನಗಳ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಅವು ಹಿಂದಕ್ಕೆ ಬರಲೇಬೇಕು. ಅದಕ್ಕೆ ಬೇಕಾದ ಸಾಧನ ಹೊಸದೇನಲ್ಲ: ಗಾಲಿಗೆ ಸರಪಳಿ, ಒಂದು ಗುದ್ದಲಿ, ಎರಡು ಹಲಗೆ, ಸನ್ನೆಯನ್ನು ಹಿಂದುಮುಂದಾಡಿಸಿ ಎಳೆಯುವ ಒಂದು ಕೈವಿಂಚು. ಕೈವಿಂಚಿಗೆ ಬ್ಯಾಟರಿ ಬೇಡ, ವಾಹನವನ್ನು ಕತ್ತರಿಸಿ ಬೆಸೆಯುವ ಕೆಲಸವಿಲ್ಲ. ಮುಂದಿನ ಕೊಕ್ಕೆಗೂ ಹಿಂದಿನ ಕೊಕ್ಕೆಗೂ ಅದೊಂದೇ ಸಾಕು. ಸಂಘಕ್ಕೊಂದು ಕೊಂಡು ಊರೆಲ್ಲ ಹಂಚಿಕೊಳ್ಳಬಹುದು.

ಕೈವಿಂಚು ನಿಧಾನ ಎಂಬುದು ಮೋಜಿನವರ ಆಕ್ಷೇಪ. ಒಂದೊಂದು ಎಳೆತಕ್ಕೆ ಕೆಲವೇ ಸೆಂಟಿಮೀಟರು. ಬೆವರು ಸುರಿಯುತ್ತದೆ, ಗಂಟೆಗಟ್ಟಲೆ ಹಿಡಿಯುತ್ತದೆ. ನಾವು ಅದನ್ನು ಮೆಚ್ಚುವುದು ಆ ಕಾರಣಕ್ಕಾಗಿಯೇ. ಅಗತ್ಯಕ್ಕೆ ಹೊರಟವನು ಆ ಬೆವರಿಗೆ ಹಿಂಜರಿಯುವುದಿಲ್ಲ. ಮೋಜಿಗೆ ಹೊರಟವನು ಮುಂದಿನ ಸಲ ಜೌಗಿಗಿಳಿಯುವ ಮುನ್ನ ಅದನ್ನು ನೆನೆಯುತ್ತಾನೆ. ಗುಂಡಿಯೊತ್ತಿ ಪಾರಾಗುವವನಿಗೆ ಆ ನೆನಪಿರುವುದಿಲ್ಲ.

ಆದ್ದರಿಂದ ನಮ್ಮ ನಿಲುವು ಸ್ಪಷ್ಟ. ಮೋಜಿನ ಜೀಪಿಗೆ ಹಿಂಬದಿಯ ವಿಂಚ್ ಬೇಡ, ಹುಲ್ಲುಗಾವಲೂ ಬೇಡ; ಕೆಸರಿನ ಆಟವೇ ಬೇಕೆಂದರೆ ಸ್ವಂತ ಗದ್ದೆಯಲ್ಲಿ ಆಡಲಿ, ಬೇರೆಯವರ ನೀರಿನ ತಲೆಯ ಮೇಲಲ್ಲ. ದುಡಿಯುವ ಜೀಪಿಗೆ ಕೈವಿಂಚು ಸಾಕು. ಅತಿಥಿಗಳನ್ನು ಗುಡ್ಡ ಹತ್ತಿಸುವ ಹೋಂಸ್ಟೇ ಬಂಧುಗಳು ಜಾಡು ಬಿಟ್ಟು ಜೀಪು ಇಳಿಸಬಾರದು. ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿಗಳು ಮಳೆ ತಿಂಗಳುಗಳಲ್ಲಿ ಹುಲ್ಲುಗಾವಲಿನ ಬಾಯಿಗಳನ್ನು ವಾಹನಗಳಿಗೆ ಮುಚ್ಚಬೇಕು. ಈ ಬೇಡಿಕೆಗಳನ್ನು ನಿಮ್ಮ ನಿಮ್ಮ ಗ್ರಾಮಸಭೆಯಲ್ಲಿ ಮುಂಗಾರಿಗೆ ಮುನ್ನವೇ ಮಂಡಿಸಿ ನಿರ್ಣಯ ಬರೆಯಿಸಿರಿ.